ಪಿಟೀಲು ವಿದೇಶಿ ವಾದ್ಯವಾದರೆ ನಮ್ಮ ಆಸ್ಥಾನಗಳ ಕರ್ನಾಟಕ ಸಂಗೀತಕ್ಕೆ ಒಗ್ಗಿದ್ದು ಹೇಗೆ?

ವಾದ್ಯ ಬದಲಾಗಲಿಲ್ಲ, ನುಡಿಸುವ ರೀತಿ ಬದಲಾಯಿತು. ವಾಗ್ಗೇಯಕಾರ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಯುರೋಪಿಯನ್ ವಾದಕರಿಂದ ಪಿಟೀಲು ಕಲಿತು, 1824ರಲ್ಲಿ ಎಟ್ಟಯಪುರಂ ಆಸ್ಥಾನ ಸೇರಿದರು. ತಿರುವಾಂಕೂರಿನಲ್ಲಿ ಸ್ವಾತಿ ತಿರುನಾಳ್ ಮಹಾರಾಜರು ಪಿಟೀಲು ವಾದಕ ವಡಿವೇಲು ಅವರಿಗೆ ದಂತದ ಪಿಟೀಲನ್ನೇ ಕೊಟ್ಟು ಗೌರವಿಸಿದರು.

ನಿಜವಾದ ಜಾಣತನ ಇರುವುದು ಶ್ರುತಿಯಲ್ಲಿ. ಯುರೋಪಿನಲ್ಲಿ ನಾಲ್ಕು ತಂತಿಗಳೂ ಬೇರೆ ಬೇರೆ ಸ್ವರಕ್ಕೆ. ನಮ್ಮವರು ಅವನ್ನು ಸ-ಪ-ಸ-ಪ ಎಂದು ಕೂಡಿಸಿದರು. ನಿಂತು ನುಡಿಸುವುದನ್ನು ಬಿಟ್ಟು ನೆಲಕ್ಕೆ ಕೂತು, ಪಿಟೀಲಿನ ತುದಿಯನ್ನು ಬಲಪಾದಕ್ಕೆ ಆನಿಸಿದರು. ಎಡಗೈಗೆ ಭಾರ ತಪ್ಪಿತು, ಬೆರಳು ತಂತಿಯ ಮೇಲೆ ಸಲೀಸಾಗಿ ಜಾರಿತು, ಸ್ವರವನ್ನು ಬಳುಕಿಸುವ ಗಮಕ ಬಂತು. ವೀಣೆಯಲ್ಲಿರುವಂಥ ಮನೆಗಳು (ಮೆಟ್ಟಿಲುಗಳು) ಇಲ್ಲದ ವಾದ್ಯವಾದ್ದರಿಂದಲೇ ಇದು ಸಾಧ್ಯವಾಯಿತು. ಮುಂದೆ ಮೈಸೂರಿನ ಚೌಡಯ್ಯನವರು ನಾದ ದೂರಕ್ಕೆ ಕೇಳಲೆಂದು ಏಳು ತಂತಿ ಮಾಡಿಕೊಂಡರು.

ನಮ್ಮ ಶಿರಸಿ, ಕುಮಟಾ ಕಡೆ ಹಿಂದೂಸ್ತಾನಿಯ ಒಲವು ಹೆಚ್ಚು. ಇಲ್ಲಿ ಮನೆಮನೆಗೆ ಬಂದದ್ದು ಹಾರ್ಮೋನಿಯಂ. ಫ್ರಾನ್ಸಿನಲ್ಲಿ ಹುಟ್ಟಿದಾಗ ಅದರ ತಿದಿಯನ್ನು ಕಾಲಿನಿಂದ ಒತ್ತಬೇಕಿತ್ತು. ಕಲ್ಕತ್ತೆಯಲ್ಲಿ ಕೈತಿದಿ ಹಾಕಿದ ಮೇಲೆ ಚಾಪೆಯ ಮೇಲೆ ಕೂತು ನುಡಿಸುವಂತಾಯಿತು. ಆದರೆ ಅದರ ಸ್ವರಗಳು ಸ್ಥಿರ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಬಾರದು. ಪಿಟೀಲಿನಷ್ಟು ಅದು ನಮ್ಮದಾಗಿಲ್ಲ ಎಂದೇ ನನ್ನ ಅನಿಸಿಕೆ.