ಸೋಲೋ ಬಂದಾಗ ಬೂಸ್ಟ್ ಒತ್ತಿದೆ, ಸದ್ದು ಏರಲೇ ಇಲ್ಲ

ಯಾವ ಗಿಟಾರ್ ಪೆಡಲ್ ಕೊಳ್ಳಲಿ ಅಂತ ಕೇಳುತ್ತಾ "ಸೋಲೋಗೆ ಬೇಕು" ಅಂತ ಬರೆದಿದ್ದೀರಲ್ಲ, ನಾನು ಅಲ್ಲೇ ನಿಂತುಬಿಟ್ಟೆ. ಓವರ್‌ಡ್ರೈವ್, ಅಂದರೆ ಸದ್ದನ್ನು ಒಡೆದು ಗೊರಗೊರ ಅನ್ನಿಸುವುದು, ಮತ್ತು ಬೂಸ್ಟ್, ಅಂದರೆ ಸಿಗ್ನಲ್ ಹೆಚ್ಚಿಸುವುದು, ಈ ಎರಡೂ ಒಂದೇ ಡಬ್ಬಿಯಲ್ಲಿರುವ, ಕಾಲಲ್ಲಿ ಒತ್ತುವ ಎರಡು ಪೆಡಲ್ ನೋಡಿಟ್ಟಿದ್ದೀರಿ. ಅಂಗಡಿಗೆ ಹೋಗಿ ನುಡಿಸಿ, ಯಾವುದರ ಟೋನ್ ಚೆನ್ನಾಗಿದೆಯೋ ಅದನ್ನು ತರುವ ಅಂದಾಜು ನಿಮ್ಮದು. 2012ರಲ್ಲಿ ಗಣೇಶನ ಹಬ್ಬಕ್ಕೆ ಮೂರು ವಾರ ಇರುವಾಗ ನಾನೂ ಹಾಗೇ ಹೋಗಿದ್ದೆ.

ಆಗ ನಾನು ತುಮಕೂರಿನಲ್ಲಿ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿದ್ದೆ. ನಮ್ಮ ಕಡೆಯ ಒಂದು ಆರ್ಕೆಸ್ಟ್ರಾದ ಗಿಟಾರಿಸ್ಟ್ ಬೆಂಗಳೂರು ಸೇರಿಕೊಂಡಿದ್ದರಿಂದ ಆ ಜಾಗ ನನಗೆ ಸಿಕ್ಕಿತ್ತು. ತಂಡ ನಡೆಸುತ್ತಿದ್ದವರು ಕೀಬೋರ್ಡ್ ನುಡಿಸುವವರು, ಎಲ್ಲರಿಗೂ ಅವರು ಮಾಸ್ಟರ್. ರಸಮಂಜರಿಯಲ್ಲಿ ಗಿಟಾರಿನವನ ಕೆಲಸ ಏನು ಹೇಳಿ? ಪಲ್ಲವಿ, ಚರಣಕ್ಕೆ ಸುಮ್ಮನೆ ರಿದಂ ಹಾಕಿಕೊಂಡಿರುವುದು. ನಡುವೆ ಗಿಟಾರ್ ಬಿಟ್, ಅಂದರೆ ಸೋಲೋ, ಬಂದಾಗ ಎಂಟು ಬಾರ್ ಎದ್ದು ಕೇಳಿಸುವುದು, ಆಮೇಲೆ ಮತ್ತೆ ಹಿಂದಕ್ಕೆ ಸರಿಯುವುದು. ಎಂಟು ಬಾರ್ ಅಂದರೆ ತಾಳದ ಎಂಟು ಸುತ್ತು, ಸುಮಾರು ಹದಿನೈದು ಸೆಕೆಂಡು. ಆ ಹದಿನೈದು ಸೆಕೆಂಡಿಗಾಗಿಯೇ ನನಗೆ ಪೆಡಲ್ ಬೇಕಿತ್ತು.

ಬೆಂಗಳೂರಿನ ಅಂಗಡಿಯೊಂದರಲ್ಲಿ ಸೆಕೆಂಡ್ ಹ್ಯಾಂಡ್ ಪೆಡಲ್ ಒಂದಿತ್ತು. ಎರಡು ಸ್ವಿಚ್, ಒಂದು ಓವರ್‌ಡ್ರೈವ್, ಇನ್ನೊಂದು ಬೂಸ್ಟ್. 7,500 ರೂಪಾಯಿ. ಯಾವ ಕಂಪನಿಯದು ಅನ್ನುವುದು ಬೇಡ, ತಪ್ಪು ಅದರದ್ದಲ್ಲ. ಗಾಜಿನ ಕೋಣೆ, ಒಳ್ಳೆಯ ವಾಲ್ವ್ ಆಂಪ್ (ಗಾಜಿನ ವಾಲ್ವ್‌ಗಳಿರುವ ಗಿಟಾರ್ ಆಂಪ್ಲಿಫೈಯರ್), ಬಾಗಿಲು ಮುಚ್ಚಿಕೊಂಡು ಮುಕ್ಕಾಲು ಗಂಟೆ ನುಡಿಸಿದೆ. ಸದ್ದು ಎಷ್ಟು ಒಡೆಯಬೇಕು ಅನ್ನುವ ಡ್ರೈವ್ ನಾಬ್ ಗಡಿಯಾರದ ಒಂಬತ್ತು ಗಂಟೆಯ ಜಾಗದಲ್ಲಿ, ಅಂದರೆ ಸಣ್ಣಗೆ ಗೊರಗೊರ ಅನ್ನುವಷ್ಟು. ಬೂಸ್ಟ್ ಒತ್ತಿದರೆ ಸದ್ದು ಬಾವಿಯಿಂದ ಎದ್ದು ಬಂದ ಹಾಗೆ ತುಂಬಿಕೊಳ್ಳುತ್ತಿತ್ತು. ಹತ್ತು ಸಲ ಒತ್ತಿದೆ, ಹತ್ತು ಸಲವೂ ಮೈ ಜುಂ ಅಂದಿತು. ದುಡ್ಡು ಕೊಟ್ಟು ಬಸ್ ಹತ್ತಿದೆ.

ಮೊದಲ ಪ್ರೋಗ್ರಾಂ ಹಳ್ಳಿಯೊಂದರ ದೇವಸ್ಥಾನದ ಮುಂದೆ. ಪೆಂಡಾಲ್, ಜನರೇಟರ್, ಮಳೆ ಬಂದು ನಿಂತ ಕೆಸರು. ದೇವರ ಎದುರಿನ ವೇದಿಕೆಯಾದ್ದರಿಂದ ನಾವೆಲ್ಲ ಬರಿಗಾಲು. ನಮ್ಮ ತಂಡದಲ್ಲಿ ಗಿಟಾರ್ ಆಂಪ್ ಅನ್ನುವುದೇ ಇರಲಿಲ್ಲ. ಪೆಡಲ್‌ನಿಂದ ಒಂದು ಹಳೆಯ ಗಿಟಾರ್ ಪ್ರೊಸೆಸರಿಗೆ, ಅದರಲ್ಲಿ ಸ್ಪೀಕರ್ ಸಿಮ್ಯುಲೇಶನ್ (ಗಿಟಾರ್ ಸ್ಪೀಕರಿನ ನಕಲು) ಮಾತ್ರ ಹಾಕಿ, ಅಲ್ಲಿಂದ ಸಿಗ್ನಲನ್ನು ಮಿಕ್ಸರಿಗೆ ಹೊಂದಿಸುವ ಡಿಐ ಬಾಕ್ಸ್ ಮೂಲಕ ಮಿಕ್ಸರಿಗೆ. (ಇದನ್ನು ನೀವೂ ಗಮನಿಸಿ. ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್‌ಗಿಂತ ಮೇಲಿನದನ್ನು ತಾನೇ ಕತ್ತರಿಸುತ್ತದೆ. ಅದಿಲ್ಲದೆ ಓವರ್‌ಡ್ರೈವನ್ನು ನೇರ ಮಿಕ್ಸರಿಗೆ ಕೊಟ್ಟರೆ ಎಂಥಾ ಪೆಡಲ್ ಆದರೂ ಡಬ್ಬಿಯೊಳಗೆ ಕೂಡಿಹಾಕಿದ ಸೊಳ್ಳೆ.) ಬಯಲಿನಲ್ಲಿ ಒಂಬತ್ತು ಗಂಟೆಯ ಡ್ರೈವ್ ಸಪ್ಪೆ ಅನ್ನಿಸಿತು ಅಂತ ಎರಡೂವರೆ ಗಂಟೆಗೆ ತಿರುಗಿಸಿದೆ. ಇದನ್ನು ನೆನಪಿಟ್ಟುಕೊಳ್ಳಿ, ಕಥೆಯೆಲ್ಲ ಇರುವುದು ಇಲ್ಲೇ.

ಮೂರನೇ ಹಾಡು. ಬಿಟ್ ಬಂತು, ಬೂಸ್ಟ್ ಒತ್ತಿದೆ. ಸದ್ದು ದಪ್ಪವಾಯಿತು, ಇನ್ನಷ್ಟು ಹರಿದ ಹಾಗಾಯಿತು, ಎಳೆದ ಸ್ವರ ಬೇಗ ಸಾಯದೆ ನಿಂತಿತು. ಜೋರು ಮಾತ್ರ ಆಗಲಿಲ್ಲ. ಡೋಲಕ್, ರಿದಂ ಪ್ಯಾಡ್, ಕೀಬೋರ್ಡಿನ ಸ್ಟ್ರಿಂಗ್ಸ್ ನಡುವೆ ನಾನು ಎಲ್ಲಿದ್ದೇನೆ ಅಂತ ನನಗೇ ಗೊತ್ತಾಗಲಿಲ್ಲ. ಸ್ವಿಚ್ ಸರಿಯಾಗಿ ಬೀಳಲಿಲ್ಲವೇನೋ ಅಂತ ಮತ್ತೆ ಒತ್ತಿದೆ, ಆಫ್ ಆಯಿತು. ಮತ್ತೆ ಒತ್ತಿದೆ. ಅಷ್ಟರಲ್ಲಿ ಎಂಟು ಬಾರ್ ಮುಗಿದಿತ್ತು. ಮಾಸ್ಟರ್ ಕೀಬೋರ್ಡಿನ ಮೇಲಿಂದ ನನ್ನನ್ನೇ ನೋಡುತ್ತಿದ್ದರು.

ಮುಂದಿನ ಬಿಟ್ಟಿಗೆ ಮೊಣಕಾಲೂರಿ ಕೂತು, ಪೆಡಲಿನಿಂದ ಹೊರಬರುವ ಸದ್ದಿನ ಲೆವೆಲ್ ನಾಬನ್ನೇ ಮೇಲಕ್ಕೆ ತಿರುಗಿಸಿದೆ. ಈಗ ಕೇಳಿಸಿತು, ಚೆನ್ನಾಗಿಯೇ ಕೇಳಿಸಿತು. ಬಿಟ್ ಮುಗಿದು ಚರಣ ಶುರುವಾಯಿತು, ನಾನು ಲೆವೆಲ್ ಇಳಿಸಲು ಬಗ್ಗುವುದರೊಳಗೆ ಹಾಡುವ ಅಕ್ಕನ ದನಿಯ ಮೇಲೆ ನನ್ನ ರಿದಂ ಕೂತಿತ್ತು. ಸೌಂಡ್‌ನವನು ಮಿಕ್ಸರಿನಲ್ಲಿ ನನ್ನ ಫೇಡರ್, ಅಂದರೆ ಸದ್ದಿನ ಜಾರುಗುಂಡಿ, ಕೆಳಕ್ಕೆ ಎಳೆದುಬಿಟ್ಟ. ಆಮೇಲೆ ರಾತ್ರಿಯಿಡೀ ಅದು ಮೇಲೆ ಬರಲಿಲ್ಲ.

ಮಾಸ್ಟರ್ ಬೈಯಲಿಲ್ಲ. ಊಟಕ್ಕೆ ಕೂತಾಗ, "ಇರಲಿ ಬಿಡೋ, ಬಿಟ್‌ಗಳನ್ನ ನಾನೇ ಹೊಡೀತೀನಿ. ಕೀಬೋರ್ಡಲ್ಲೇ ಗಿಟಾರ್ ಟೋನ್ ಇದೆಯಲ್ಲ" ಅಂದರು. ಆ ಸೀಸನ್ನಿನ ಉಳಿದ ಹನ್ನೊಂದು ಪ್ರೋಗ್ರಾಂಗೂ ನಾನು ರಿದಂ ಮಾತ್ರ, ದಿನಕ್ಕೆ 800 ರೂಪಾಯಿ. ಮುಂದಿನ ವರ್ಷ ಕರೆಯೇ ಬರಲಿಲ್ಲ.

ಪೆಡಲೇ ಸರಿಯಿಲ್ಲ ಅಂದುಕೊಂಡು 5,000ಕ್ಕೆ ಮಾರಿ, ಬೇರೆ ಓವರ್‌ಡ್ರೈವ್ ಒಂದು, ಬೂಸ್ಟ್ ಒಂದು ತಂದೆ. ಮಾರಿದ ಡಬ್ಬಿಯೊಳಗೆ ಇದ್ದ ಹಾಗೆ ಈ ಬೂಸ್ಟನ್ನೂ ಓವರ್‌ಡ್ರೈವಿನ ಮುಂದೆಯೇ ಇಟ್ಟೆ, ಸಿಗ್ನಲ್ ಮೊದಲು ಬೂಸ್ಟಿಗೆ, ಆಮೇಲೆ ಓವರ್‌ಡ್ರೈವಿಗೆ. ಅದೇ ಕಥೆ. ಎರಡು ವರ್ಷ ಹೀಗೇ ಹೋಯಿತು.

ಕೊನೆಗೆ ತಿಳಿಸಿಕೊಟ್ಟವರು ಗಿಟಾರನ್ನೇ ಮುಟ್ಟದವರು. ಬೆಂಗಳೂರಿನ ಎಸ್.ಪಿ. ರೋಡ್ ಹತ್ತಿರ ಆಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದ ಹಿರಿಯರು. ಸ್ವಿಚ್ ಹೋಗಿದೆ ಅಂತ ಓವರ್‌ಡ್ರೈವ್ ಒಯ್ದಿದ್ದೆ. ಸರಿಮಾಡಿ, ಸಿಗ್ನಲಿನ ಅಲೆ ತೋರಿಸುವ ಆಸಿಲೋಸ್ಕೋಪಿಗೆ ಹಾಕಿ, "ನೋಡಪ್ಪ ಇಲ್ಲಿ" ಅಂದರು. ಪರದೆ ಮೇಲೆ ಗುಡ್ಡದಂತಿದ್ದ ಅಲೆ. ಡ್ರೈವ್ ತಿರುಗಿಸಿದ ಹಾಗೆ ಅದು ಎತ್ತರವಾಗುತ್ತಾ ಹೋಗಿ ಒಂದು ಕಡೆ ನೆತ್ತಿ ಚಪ್ಪಟೆಯಾಯಿತು. ಆಮೇಲೆ ಒಳಗೆ ಕೊಡುವ ಸಿಗ್ನಲನ್ನೇ ಜಾಸ್ತಿ ಮಾಡಿದರು. ಅಲೆಯ ಪಕ್ಕಗಳು ಗೋಡೆಯ ಹಾಗೆ ಕಡಿದಾದವು, ಎತ್ತರ ಅಲ್ಲೇ ನಿಂತಿತ್ತು. ನಾನು ಆ ಪರದೆಯನ್ನೇ ನೋಡುತ್ತಾ ನಿಂತೆ.

ಗಿಟಾರಿನ ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಕೊಡುವುದು ನೂರೋ ಕೆಲವು ನೂರೋ ಮಿಲಿವೋಲ್ಟ್. ಪೆಡಲಿನೊಳಗೆ ಸಿಗ್ನಲ್ ಹಿಗ್ಗಿಸುವ ಚಿಪ್ ಆದ ಆಪ್‌ಆಂಪ್ ಅದನ್ನು ಹತ್ತಾರು ಪಟ್ಟು, ಡ್ರೈವ್ ಪೂರ್ತಿ ತಿರುಗಿಸಿದರೆ ನೂರು ಪಟ್ಟಿನವರೆಗೂ ಹಿಗ್ಗಿಸಲು ನೋಡುತ್ತದೆ. ಆದರೆ ಅಲ್ಲೇ ಕೂತಿರುವ ಸಿಲಿಕಾನ್ ಡಯೋಡ್‌ಗಳು 0.6 ವೋಲ್ಟ್ ಆಸುಪಾಸಿನಲ್ಲಿ ಅಲೆಯ ನೆತ್ತಿ ಹಿಡಿದು ಒತ್ತುತ್ತವೆ. ನಾವು ಓವರ್‌ಡ್ರೈವ್ ಅಂತ ಕೇಳಿ ಖುಷಿಪಡುವುದು ಆ ಒತ್ತಡವನ್ನೇ. ಕೊಡ ತುಂಬಿದ ಮೇಲೆ ಮತ್ತೆ ನೀರು ಹುಯ್ದರೆ ಕೊಡ ದೊಡ್ಡದಾಗುತ್ತದೆಯೇ? ಚೆಲ್ಲುತ್ತದೆ, ಅಷ್ಟೇ. ಬೂಸ್ಟನ್ನು ಓವರ್‌ಡ್ರೈವಿನ ಮುಂದೆ ಇಟ್ಟರೆ ನೀವು ಮಾಡುವುದು ಹುಯ್ಯುವ ಕೆಲಸ, ಕೇಳಿಸುವುದು ಚೆಲ್ಲುವ ಸದ್ದು. ಅಂಗಡಿಯಲ್ಲಿ ನನ್ನ ಡ್ರೈವ್ ಒಂಬತ್ತು ಗಂಟೆಯಲ್ಲಿತ್ತು, ಕೊಡ ಅರ್ಧವಷ್ಟೇ ತುಂಬಿತ್ತು. ಹಾಗಾಗಿ ಬೂಸ್ಟ್ ಒತ್ತಿದಾಗ ನಿಜವಾಗಿಯೂ ಮಟ್ಟ ಏರುತ್ತಿತ್ತು. ವೇದಿಕೆಯಲ್ಲಿ ಎರಡೂವರೆಗೆ ತಿರುಗಿಸಿ ನಾನೇ ಕೊಡ ತುಂಬಿಸಿಟ್ಟಿದ್ದೆ. ಲೆವೆಲ್ ನಾಬ್ ಇರುವುದು ಡಯೋಡುಗಳನ್ನು ದಾಟಿದ ಮೇಲೆ, ಅದಕ್ಕೇ ಅದನ್ನು ತಿರುಗಿಸಿದಾಗ ಸದ್ದು ಏರಿತು. ಅಂದರೆ ಉತ್ತರ ಅವತ್ತೇ ನನ್ನ ಕಾಲಬುಡದಲ್ಲಿತ್ತು, ನಾನು ಅದನ್ನು ಕೈಯಾರೆ ತಿರುಗಿಸಿಯೂ ನೋಡಲಿಲ್ಲ!

ಕಟ್ಟುನಿಟ್ಟಾಗಿ ಹೇಳಬೇಕೆಂದರೆ, ಟ್ಯೂಬ್ ಸ್ಕ್ರೀಮರ್ (ಹೆಸರಾದ ಒಂದು ಓವರ್‌ಡ್ರೈವ್ ಪೆಡಲ್) ಜಾತಿಯ ಪೆಡಲ್‌ಗಳಲ್ಲಿ ಡಯೋಡ್ ಆಪ್‌ಆಂಪಿನ ಫೀಡ್‌ಬ್ಯಾಕ್ ದಾರಿಯಲ್ಲಿ, ಅಂದರೆ ಔಟ್‌ಪುಟ್ ಮತ್ತೆ ಇನ್‌ಪುಟ್ಟಿಗೆ ಮರಳುವ ದಾರಿಯಲ್ಲಿ, ಇದೆ. ಮೂಲ ಸಿಗ್ನಲ್ ಒಂದಿಷ್ಟು ಹಾಗೇ ಸೇರಿಕೊಂಡು ಬರುವುದರಿಂದ ಸದ್ದು ಸ್ವಲ್ಪ ಏರುತ್ತದೆ. ಆ ಸ್ವಲ್ಪ ಡೋಲಕ್ ಪಕ್ಕದಲ್ಲಿ ಲೆಕ್ಕಕ್ಕಿಲ್ಲ.

ಹಾಗಂತ ಮುಂದೆ ಇಡುವುದು ತಪ್ಪು ಅಂತಲ್ಲ. 1960ರ ದಶಕದಲ್ಲಿ ಡಲ್ಲಾಸ್ ರೇಂಜ್‌ಮಾಸ್ಟರ್ ಥರದ ಟ್ರೆಬಲ್ ಬೂಸ್ಟರುಗಳನ್ನು ಬ್ರಿಟನ್ನಿನಲ್ಲಿ ಕೊಳ್ಳುತ್ತಿದ್ದುದೇ ವಾಲ್ವ್ ಆಂಪನ್ನು ಮುಂದಿನಿಂದ ಒತ್ತಿ ಒಡೆಯುವುದಕ್ಕೆ. ಮೆಟಲ್ ನುಡಿಸುವವರು ಇವತ್ತಿಗೂ ಟ್ಯೂಬ್ ಸ್ಕ್ರೀಮರ್‌ನ ಡ್ರೈವ್ ಸೊನ್ನೆಗೆ ಇಳಿಸಿ ಲೆವೆಲ್ ಪೂರ್ತಿ ಏರಿಸಿ ಆಂಪಿನ ಮುಂದೆ ಇಡುತ್ತಾರೆ. ಅವರಿಗೆ ಬೇಕಿರುವುದು ಬೇರೆ ಗುಣ. ನಿಮಗೆ ಬೇಕಿರುವುದು ಎತ್ತರ. ಎತ್ತರ ಬೇಕಾದರೆ ಬೂಸ್ಟ್ ಕೊನೆಯದಾಗಿ ಒಡೆಯುವ ವಸ್ತುವಿನ ನಂತರ ಇರಬೇಕು. ಆಂಪಿನ ಮೊದಲ ಹಂತವೇ (ಪ್ರಿಆಂಪ್) ಒಡೆಯುತ್ತಿದ್ದರೆ, ಅದಾದ ಮೇಲೆ ಪೆಡಲ್ ಸೇರಿಸಲು ಆಂಪಿನ ಹಿಂಬದಿಯಲ್ಲಿರುವ ಎಫೆಕ್ಟ್ಸ್ ಲೂಪಿನಲ್ಲಿ ಇಡಬೇಕು. ಬಾಡಿಗೆಗೆ ರೋಲ್ಯಾಂಡ್ ಜೆಸಿ-120 ಆಂಪ್ ಬಂದರೆ ಚಿಂತೆಯಿಲ್ಲ, ಒಡೆಯದ ಕ್ಲೀನ್ ಸದ್ದಿಗೇ ಅದು ಹೆಸರುವಾಸಿ. ಓವರ್‌ಡ್ರೈವ್ ಆದಮೇಲೆ ಬೂಸ್ಟ್, ಆಮೇಲೆ ಆಂಪ್, ಮುಗಿಯಿತು.

ಆದ್ದರಿಂದ "ಯಾವುದರ ಟೋನ್ ಚೆನ್ನಾಗಿದೆ" ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಆ ಎರಡು ಪೆಡಲಿನ ಕೈಪಿಡಿ ತೆಗೆದು, ಒಳಗೆ ಬೂಸ್ಟ್ ಮೊದಲೋ ಓವರ್‌ಡ್ರೈವ್ ಮೊದಲೋ, ಅದಲು ಬದಲು ಮಾಡಲು ಸ್ವಿಚ್ ಇದೆಯೋ, ಎರಡಕ್ಕೂ ಬೇರೆ ಬೇರೆ ಇನ್‌ಪುಟ್ ಔಟ್‌ಪುಟ್ ಇದೆಯೋ ನೋಡಿ. ಬೂಸ್ಟ್ ಮುಂದೆಯೇ ಇದ್ದು, ಬದಲಿಸಲು ಬಾರದೆ ಇದ್ದರೆ ನುಡಿಸಿ ನೋಡಲು ಅಂಗಡಿಗೆ ಹೋಗುವ ಬಸ್ ಚಾರ್ಜೂ ದಂಡ. ನಾನು ಕೊಂಡದ್ದರ ಕೈಪಿಡಿ ಇಂಟರ್‌ನೆಟ್ಟಿನಲ್ಲೇ ಇತ್ತು, ಎರಡನೇ ಪುಟದಲ್ಲಿ ಚಿತ್ರ ಸಮೇತ.

ಇಷ್ಟಾದ ಮೇಲೂ ಅಂಗಡಿಗೆ ಹೋಗುವುದಾದರೆ ನಿಮ್ಮ ಗಿಟಾರ್, ನಿಮ್ಮ ಕೇಬಲ್ ಒಯ್ಯಿರಿ. ಪೆಡಲ್ ಆನ್ ಮಾಡಿದಾಗ, ಆಫ್ ಮಾಡಿದಾಗ ಸದ್ದು ಒಂದೇ ಆಗುವ ಹಾಗೆ ಮೊದಲು ಲೆವೆಲ್ ಹೊಂದಿಸಿ, ಆಮೇಲೆ ಟೋನ್ ವಿಚಾರ. ಜೋರಾದದ್ದೆಲ್ಲ ಕಿವಿಗೆ ಚೆಂದವೇ. ಸದ್ದು ಹೆಚ್ಚಿದ ಹಾಗೆ ಬೇಸ್ ನಮಗೆ ತುಂಬಿಕೊಂಡು ಕೇಳುತ್ತದೆ ಅನ್ನುವುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಅಳೆದು ತೋರಿಸಿದ್ದಾರೆ. ಫೋನಿನಲ್ಲಿ ಒಂದು ಟ್ರ್ಯಾಕ್ ಹಾಕಿ, ಸಣ್ಣ ಸ್ಪೀಕರಿನಲ್ಲಿ ಜೋರಾಗಿ ಬಿಟ್ಟು, ಅದರ ಜೊತೆಗೇ ನುಡಿಸಿ. ಒಂಟಿಯಾಗಿ ಕೇಳಿದರೆ ಟ್ಯೂಬ್ ಸ್ಕ್ರೀಮರ್ ಮೂಗಿನಲ್ಲಿ ಹಾಡಿದ ಹಾಗಿರುತ್ತದೆ, ಬೇಸ್ ಕತ್ತರಿಸಿ 720 ಹರ್ಟ್ಸ್ ಸುತ್ತಮುತ್ತಲಿನದನ್ನು ಉಬ್ಬಿಸುತ್ತದೆ. ತಂಡದ ನಡುವೆ ಅದೇ ಮೂಗಿನ ದನಿ ದಾರಿ ಮಾಡಿಕೊಂಡು ಮುಂದೆ ಬರುತ್ತದೆ. ಮನೆಯಲ್ಲಿ ತುಂಬಿ ತುಳುಕುವ ಸದ್ದು ಪೆಂಡಾಲಿನಲ್ಲಿ ಬೇಸ್ ಗಿಟಾರ್ ಮತ್ತು ಡೋಲಕ್‌ನ ಹೊಟ್ಟೆ ಸೇರುತ್ತದೆ.

ಪವರ್ ವಿಷಯ ಬೇಗ ಹೇಳಿಬಿಡುತ್ತೇನೆ. ಬಹುಪಾಲು ಪೆಡಲ್‌ಗಳಿಗೆ 9 ವೋಲ್ಟ್ ಡಿಸಿ, ನಡುವಿನ ಪಿನ್ ನೆಗೆಟಿವ್. ಮನೆಯ ರೌಟರಿನ ಅಡಾಪ್ಟರ್ ಹೊಂದಿಕೊಂಡಿತು ಅಂತ ಚುಚ್ಚಬೇಡಿ, ಅವುಗಳಲ್ಲಿ ನಡುವಿನದು ಸಾಮಾನ್ಯವಾಗಿ ಪಾಸಿಟಿವ್.

ನನ್ನನ್ನು ಕೇಳಿದರೆ ಎರಡೊಂದಾದ ಡಬ್ಬಿಯೇ ಬೇಡ. ಒಂದು ಸೆಕೆಂಡ್ ಹ್ಯಾಂಡ್ ಓವರ್‌ಡ್ರೈವ್, ಬಾಸ್ ಕಂಪನಿಯ ಎಸ್‌ಡಿ-1, 1981ರಿಂದ ಬರುತ್ತಿರುವ ಹಳದಿ ಡಬ್ಬಿ. ಅದರ ನಂತರ ಬೂಸ್ಟ್ ಬದಲು ಅದೇ ಕಂಪನಿಯ ಜಿಇ-7 ಥರದ ಗ್ರಾಫಿಕ್ ಈಕ್ವಲೈಜರ್ ಪೆಡಲ್, ಅಂದರೆ ಬೇಸ್‌ನಿಂದ ಟ್ರೆಬಲ್‌ವರೆಗೆ ಒಂದೊಂದನ್ನೂ ಬೇರೆಯಾಗಿ ಏರಿಸಿ ಇಳಿಸುವುದು. 800 ಹರ್ಟ್ಸ್‌ನ ಸ್ಲೈಡರ್ ಸ್ವಲ್ಪ ಮೇಲಕ್ಕೆ, ಲೆವೆಲ್ ಸ್ಲೈಡರ್ ನಾಲ್ಕೈದು ಡೆಸಿಬೆಲ್ ಮೇಲಕ್ಕೆ. ಅಷ್ಟು ಸಾಕು. ಎಂಎಕ್ಸ್‌ಆರ್ ಮೈಕ್ರೋ ಆಂಪ್ ಅನ್ನುವ ಬೂಸ್ಟ್ ಪೆಡಲ್ 26 ಡೆಸಿಬೆಲ್ ಕೊಡುತ್ತದೆ ಅಂತ ಆಸೆಪಟ್ಟು ಅಷ್ಟನ್ನೂ ಬಳಸಿದರೆ ಸೌಂಡ್‌ನವನು ಫೇಡರಿನಿಂದಲೇ ಉತ್ತರ ಕೊಡುತ್ತಾನೆ, ನನಗೆ ಕೊಟ್ಟ ಹಾಗೆ. ನಾನು ಏಳು ವರ್ಷದಿಂದ ಇದೇ ಜೋಡಿ ಇಟ್ಟುಕೊಂಡಿದ್ದೇನೆ. ಈಗಿನ ತಂಡದಲ್ಲಿ ಬಿಟ್‌ಗಳು ನನ್ನವೇ.

ಇನ್ನೊಂದು. ಅಂಗಡಿಯಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಸ್ವಿಚ್ ಒತ್ತಿ ನೋಡಿ, ಯಾರಾದರೂ ನಕ್ಕರೆ ನಗಲಿ. ಹಬ್ಬದ ಸೀಸನ್ನಿನಲ್ಲಿ ಅರ್ಧ ವೇದಿಕೆಗಳು ದೇವರ ಮುಂದೆಯೇ ಇರುತ್ತವೆ. ಕೆಲವು ಸ್ವಿಚ್ ಕಲ್ಲಿನಷ್ಟು ಗಟ್ಟಿ, ಕೆಲವಲ್ಲಿ ಪಕ್ಕದ ನಾಬ್ ಬೆರಳಿಗೆ ಸಿಕ್ಕಿ ತಿರುಗಿಕೊಳ್ಳುತ್ತದೆ. ಆ ರಾತ್ರಿ ಬೂಸ್ಟನ್ನು ಮೂರು ಸಲ ತುಳಿದ ಹೆಬ್ಬೆರಳು ನನಗೆ ಬೆಳಗ್ಗೆ ಊದಿಕೊಂಡಿತ್ತು.