ಒಬ್ಬರೇ ಬಳಸಿದರೂ ಬೇರೆ ಖಾತೆ ಬೇಕು

ಆಂಟಿವೈರಸ್ ಇದೆ, ಕಂಪ್ಯೂಟರ್ ಬಳಸುವುದು ನಾನೊಬ್ಬನೇ, ಮತ್ತೆ ವಿಂಡೋಸ್‌ನಲ್ಲಿ ಸ್ಟ್ಯಾಂಡರ್ಡ್ ಖಾತೆ (ಪೂರ್ತಿ ಅಧಿಕಾರವಿಲ್ಲದ, ದಿನಬಳಕೆಯ ಖಾತೆ) ಯಾಕೆ ಎಂದು ಕೇಳಿದ್ದೀರಿ. ಖಂಡಿತ ಬೇಕು. ಎಲ್ಲವನ್ನೂ ಬದಲಿಸಬಲ್ಲ ಅಡ್ಮಿನ್ ಖಾತೆಯಲ್ಲಿ, ಅನುಮತಿ ಕೇಳಿದಾಗ ಸುಮ್ನೆ ‘ಯೆಸ್’ ಒತ್ತಿದರೂ ಸಾಕು, ಕೆಟ್ಟ ಪ್ರೋಗ್ರಾಂಗೆ ಪೂರ್ತಿ ಅಧಿಕಾರ ಸಿಗುತ್ತದೆ. ಅದು ಆಂಟಿವೈರಸ್ಸನ್ನೇ ಆಫ್ ಮಾಡಲು ನೋಡಬಹುದು. ಸ್ಟ್ಯಾಂಡರ್ಡ್ ಖಾತೆಯಲ್ಲಾದರೆ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ‘ನಾನೇನೂ ಇನ್‌ಸ್ಟಾಲ್ ಮಾಡ್ತಿಲ್ವಲ್ಲ’ ಎಂದು ಹೊಳೆಯುವುದು ಆಗಲೇ.

ಹೊಸ ಖಾತೆಗೆ ಫೈಲುಗಳನ್ನು ಸಾಗಿಸುವ ತಲೆನೋವು ಬೇಡ. ವಿಂಡೋಸ್ ಸೆಟ್ಟಿಂಗ್ಸ್‌ನ ಅಕೌಂಟ್ಸ್‌ನಲ್ಲಿ ಹೊಸದೊಂದು ಅಡ್ಮಿನ್ ಖಾತೆ ಮಾಡಿ, ಪಾಸ್‌ವರ್ಡ್ ಕೊಡಿ. ಅದರಲ್ಲಿ ಲಾಗಿನ್ ಆಗಿ ನಿಮ್ಮ ಹಳೆಯ ಖಾತೆಯನ್ನು ಸ್ಟ್ಯಾಂಡರ್ಡ್‌ಗೆ ಬದಲಿಸಿ. ಅಷ್ಟೇ.

ಆದರೆ ಫೋಟೊ, ದಾಖಲೆಗಳು ನಿಮ್ಮ ಖಾತೆಯಲ್ಲೇ ಇರುತ್ತವೆ ಅಲ್ವಾ? ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಕೆಟ್ಟ ಪ್ರೋಗ್ರಾಂ) ಬಂದರೆ ಸ್ಟ್ಯಾಂಡರ್ಡ್ ಖಾತೆ ಅವನ್ನು ಕಾಪಾಡುವುದಿಲ್ಲ. ಅವುಗಳ ಪ್ರತಿ ಬೇರೆ ಡಿಸ್ಕ್‌ನಲ್ಲಿರಲಿ. ಕಾಪಿ ಮುಗಿದ ಕೂಡಲೇ ಆ ಡಿಸ್ಕ್ ಕಳಚಿಡಿ.