ಅಜ್ಜಿಯ ಕೈ ಅಲುಗಿದೆ ಎಂದು ಬರೆದವರಿಗೆ

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಅದರ ಮುಖ್ಯ ಭಾಗ ಇದು:

"ಮೂವತ್ತು ವರ್ಷ ಸ್ಟುಡಿಯೋ ನಡೆಸಿದವನು ನಾನು. ಹೋದ ತಿಂಗಳು ನಮ್ಮೂರಿನ ಹುಡುಗಿಯೊಬ್ಬಳು ತನ್ನ ಅಜ್ಜಿ ಅಡಿಕೆ ಸುಲಿಯುವ ಫೋಟೋವನ್ನು ಫೇಸ್‌ಬುಕ್‌ನಲ್ಲಿ ಹಾಕಿದ್ದಳು. 'ಬಲ್ಬಿನ ಬೆಳಕು ಸುಟ್ಟಿದೆ, ಫ್ರೇಮ್ ಎಡಕ್ಕೆ ವಾಲಿದೆ, ಅಜ್ಜಿಯ ಕೈ ಅಲುಗಿದೆ, ಸಬ್ಜೆಕ್ಟನ್ನು ನಡುವೆ ಇಡಬಾರದು, ಇನ್ನೂ ಕಲಿಯಬೇಕು' ಅಂತ ಅದರ ಕೆಳಗೆ ಬರೆದೆ. ಸಂಜೆ ನೋಡಿದರೆ ಫೋಟೋನೇ ಇಲ್ಲ, ಅಳಿಸಿಬಿಟ್ಟಿದ್ದಾಳೆ. ಮರುದಿನ ಅವಳ ಅಮ್ಮ ಎದುರಿಗೆ ಸಿಕ್ಕರೂ ಮಾತಾಡಿಸಲಿಲ್ಲ. ನಾನು ಹೇಳಿದ್ದರಲ್ಲಿ ಸುಳ್ಳೇನಿದೆ? ಎಲ್ಲರ ಹಾಗೆ ಸುಮ್ನೆ 'ಸೂಪರ್' ಅಂತ ಹಾಕಿ ಹೋಗಬೇಕಿತ್ತಾ? ನಮ್ಮ ಗುರುಗಳು ಬೈದೇ ಕಲಿಸಿದ್ದು."

ನಮಸ್ಕಾರ ಸರ್.

ಆ ಫೋಟೋದ ಒಂದು ಪ್ರತಿಯನ್ನೂ ನೀವು ಜೊತೆಗೆ ಕಳಿಸಿದ್ದೀರಿ. ಅದನ್ನು ಅಚ್ಚು ಹಾಕುತ್ತಿಲ್ಲ. ತೆಗೆದವರನ್ನೂ ಕೇಳಿಲ್ಲ, ಅದರಲ್ಲಿ ಕೂತಿರುವ ಅಜ್ಜಿಯನ್ನೂ ಕೇಳಿಲ್ಲ. ಆದರೆ ತುಂಬಾ ಹೊತ್ತು ನೋಡಿದೆ. ಹಾಗಾಗಿ ಮೊದಲು ಫೋಟೋದ ಬಗ್ಗೆಯೇ ಮಾತಾಡೋಣ.

ರಾತ್ರಿ ಹೊತ್ತು. ಜಗಲಿಯ ಮೇಲೆ ಒಂದೇ ಬಲ್ಬು. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಅಜ್ಜಿ ಕೂತಿದ್ದಾರೆ. ಒಂದು ಬದಿಗೆ ಹಸಿ ಅಡಿಕೆಯ ರಾಶಿ, ಇನ್ನೊಂದು ಬದಿಗೆ ಸಿಪ್ಪೆ. ಬಲ್ಬಿನ ಸುತ್ತ ಬೆಳಕು ಪೂರ್ತಿ ಬಿಳಿಯಾಗಿದೆ, ನಿಜ. ಫ್ರೇಮ್ ಸ್ವಲ್ಪ ವಾಲಿದೆ, ಅದೂ ನಿಜ. ಕೈ ವಿಷಯದಲ್ಲಿ ಮಾತ್ರ ನಾನು ನಿಮ್ಮ ಮಾತು ಒಪ್ಪುವುದಿಲ್ಲ. ಅಷ್ಟು ಕಡಿಮೆ ಬೆಳಕಿನಲ್ಲಿ ಫೋನು ಶಟರನ್ನು ಜಾಸ್ತಿ ಹೊತ್ತು ತೆರೆದಿಡುತ್ತದೆ, ಆ ಹೊತ್ತಿನಲ್ಲಿ ಅಜ್ಜಿಯ ಮುಖ ಅಲುಗಿಲ್ಲ, ಭುಜ ಅಲುಗಿಲ್ಲ, ಕೈ ಮಾತ್ರ ಓಡಿದೆ. ಅಡಿಕೆ ಸುಲಿಯುವವರ ಪಕ್ಕ ಕೂತು ನೋಡಿದವರಿಗೆ ಗೊತ್ತು, ಅವರು ಕತೆ ಹೇಳುತ್ತಾ ಇರುತ್ತಾರೆ, ನಗುತ್ತಾ ಇರುತ್ತಾರೆ, ಕೈ ತನ್ನ ಪಾಡಿಗೆ ಓಡುತ್ತಾ ಇರುತ್ತದೆ. ಆ ಕೈ ಕಲ್ಲಿನ ಹಾಗೆ ನಿಂತಿದ್ದರೆ ಫೋಟೋ ಚೊಕ್ಕವಾಗಿರುತ್ತಿತ್ತು, ಸುಲಿತ ಮಾತ್ರ ಕಾಣುತ್ತಿರಲಿಲ್ಲ.

ಫೋಟೋದ ಮೇಲೆ ಹುಡುಗಿ ಬರೆದ ಒಂದು ಸಾಲನ್ನೂ ನೀವು ಕಳಿಸಿದ್ದೀರಿ. "ಅಜ್ಜಿ ಈ ವರ್ಷವೂ ಮೆಟ್ಟುಗತ್ತಿ ಬಿಟ್ಟಿಲ್ಲ!" ಅಂತ. ಸರ್, ನಿಮ್ಮ ಐದು ಮಾತುಗಳಲ್ಲಿ ಒಂದಾದರೂ ಈ ಸಾಲಿಗೆ ಉತ್ತರವಾಗಿತ್ತಾ? ಅವಳು ಅಜ್ಜಿಯ ಸುದ್ದಿ ಹೇಳಿದ್ದಳು. ನೀವು ಬಲ್ಬಿನ ಸುದ್ದಿ ಹೇಳಿದಿರಿ. ನನ್ನ ಪ್ರಕಾರ ತಪ್ಪಾಗಿದ್ದು ಇಲ್ಲೇ. ನೀವು ಹೇಳಿದ್ದರಲ್ಲಿ ಕೆಲವು ಮಾತು ಸರಿಯೇ ಇದ್ದವು. ಅವಳು ಅದನ್ನು ಕೇಳಿರಲಿಲ್ಲ, ಅಷ್ಟೇ.

ಜನ ಫೋಟೋ ಹಾಕುವುದಕ್ಕೆ ಒಂದೇ ಕಾರಣ ಇರುವುದಿಲ್ಲ. ಬೆಂಗಳೂರಿನಲ್ಲಿರುವ ಅಕ್ಕನಿಗೆ ಮನೆಯ ಜಗಲಿ ಕಾಣಲಿ ಅಂತ ಕೆಲವರು ಹಾಕುತ್ತಾರೆ. ಸಿಗಂದೂರಿಗೆ ಹೋಗಿಬಂದೆವು ಎಂದು ತಿಳಿಸಲು ಕೆಲವರು. ಕಲಿಯಬೇಕು ಅಂತ ಹಾಕುವವರೂ ಇದ್ದಾರೆ, ಅವರು ಸಾಮಾನ್ಯವಾಗಿ "ಹೇಗಿದೆ, ಹೇಳಿ" ಅಂತ ಕೇಳಿಯೇ ಇರುತ್ತಾರೆ. ಕಣ್ಣಿಗೆ ಎಲ್ಲವೂ ಒಂದೇ ಥರ ಕಾಣುವುದರಿಂದ ಎಲ್ಲದಕ್ಕೂ ಒಂದೇ ಅಳತೆಕೋಲು ಹಿಡಿಯುತ್ತೇವೆ. ನೆಂಟರ ಮನೆಗೆ ಹೋದಾಗ ಕಾಫಿ ಕೊಟ್ಟರೆ, ಲೋಟ ಕೆಳಗಿಡುವ ಮೊದಲೇ "ಡಿಕಾಕ್ಷನ್ ತೆಳ್ಳಗಾಯ್ತು" ಅನ್ನುತ್ತೀವಾ? ಅದೇ ಮನೆಯವರು ಹೋಟೆಲ್ ಇಡುತ್ತೇವೆ, ರುಚಿ ನೋಡಿ ಹೇಳಿ ಎಂದರೆ ಖಂಡಿತ ಹೇಳುತ್ತೇವೆ.

ಗುರುಗಳು ಬೈದು ಕಲಿಸಿದ್ದರು ಅಂತೀರಿ. ಸರಿ, ಆದರೆ ನೀವೇ ಅವರ ಬಾಗಿಲಿಗೆ ಹೋಗಿದ್ದಿರಿ ಅಲ್ವಾ? ಪ್ರಿಂಟ್ ಹಿಡಿದು ಹೋಗಿದ್ದೇ ಒಂದು ಒಪ್ಪಿಗೆ. ಫೋಟೋ ಸ್ಪರ್ಧೆಯಲ್ಲೂ ಹಾಗೇ. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಲ್ಲಿ ಶುರುವಾಯಿತು. ಅಂಥ ಸಂಘಗಳು ನಡೆಸುವ ಸ್ಪರ್ಧೆಗಳಿಗೆ ಜನ ಫೀಸು ಕಟ್ಟಿ, ಯಾವ ವಿಭಾಗ ಅಂತ ಆರಿಸಿಕೊಂಡು, ತಾವಾಗಿಯೇ ಫೋಟೋ ಕಳಿಸುತ್ತಾರೆ. ತೀರ್ಪುಗಾರರು ಕಮ್ಮಿ ಅಂಕ ಕೊಟ್ಟರೆ ಬೇಜಾರಾಗಬಹುದು, ಅವಮಾನ ಆಗುವುದಿಲ್ಲ. ಆ ತೀರ್ಪುಗಾರರು ಯಾರದೋ ಮದುವೆ ಮನೆಗೆ ಹೋಗಿ ಆಲ್ಬಮ್ ತಿರುವಿ ಅಂಕ ಹಾಕುವುದೂ ಇಲ್ಲ.

ನನಗೆ ಇದನ್ನು ಕಲಿಸಿದವರು ಶಿವಮೊಗ್ಗದ ಒಬ್ಬ ಹಿರಿಯ ಛಾಯಾಗ್ರಾಹಕರು. ಆಗ ನನಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಕೂತ ಬೆಳ್ಳಕ್ಕಿಗಳನ್ನು ಎರಡು ರೋಲು ತೆಗೆದು, ಪ್ರಿಂಟ್ ಹಾಕಿಸಿ, ಒದ್ದೆ ಕೊಡೆಯ ಜೊತೆ ಅವರ ಮುಂದೆ ನಿಂತಿದ್ದೆ. ಅವರು ಪ್ರಿಂಟುಗಳನ್ನು ಮೇಜಿನ ಮೇಲೆ ಹರವಿದರು. ಏನೂ ಹೇಳಲಿಲ್ಲ. "ಇದರಲ್ಲಿ ನಿಂಗೆ ಯಾವುದು ಇಷ್ಟ?" ಅಂತ ಕೇಳಿದರು. ತೋರಿಸಿದೆ. "ಯಾಕೆ?" ಅಂದರು. ಹಕ್ಕಿ ರೆಕ್ಕೆ ಬಿಚ್ಚಿದ್ದು ಚೆನ್ನಾಗಿದೆ ಅಂದೆ. "ಆ ರೆಕ್ಕೆಯ ಗರಿ ಎಣಿಸು ನೋಡೋಣ" ಅಂದರು. ಎಣಿಸಲು ಆಗಲಿಲ್ಲ. ಬೆಳ್ಳಕ್ಕಿ ಬಿಳಿ, ಹಿಂದಿನ ಮರ ಕಡು ಹಸಿರು, ಕ್ಯಾಮೆರಾದ ಬೆಳಕು ಅಳೆಯುವ ಮೀಟರು ಮರವನ್ನು ನೋಡಿ ಬೆಳಕು ಜಾಸ್ತಿ ಕೊಟ್ಟಿತ್ತು. ಹಕ್ಕಿ ಬರೀ ಬಿಳಿ ಕಾಗದದ ಹಾಗೆ ಬಂದಿತ್ತು. ನಾನು ಹೋಗಿದ್ದೇ ಕೇಳುವುದಕ್ಕೆ. ಆದರೂ ನನ್ನ ಬಾಯಿಂದ ಎರಡು ಉತ್ತರ ಬರುವವರೆಗೆ ಆ ಮನುಷ್ಯ ಒಂದು ತಪ್ಪನ್ನೂ ಎತ್ತಲಿಲ್ಲ. ಎತ್ತಿದ್ದು ಒಂದನ್ನೇ. ಉಳಿದ ತಪ್ಪುಗಳು ಅವರಿಗೆ ಕಾಣದೇ ಇದ್ದವು ಅಂತ ನಾನು ನಂಬುವುದಿಲ್ಲ.

ನೀವು ಒಂದೇ ಉಸಿರಿಗೆ ಐದು ಹೇಳಿದ್ದೀರಿ. ಅದರಲ್ಲಿ ಕೊನೆಯದು, "ಇನ್ನೂ ಕಲಿಯಬೇಕು" ಅನ್ನುವುದು, ಫೋಟೋದ ಬಗ್ಗೆ ಅಲ್ಲವೇ ಅಲ್ಲ. ಅದು ಆ ಹುಡುಗಿಯ ಬಗ್ಗೆ. ಊರಿನ ಎಲ್ಲರೂ ಓದುವ ಜಾಗದಲ್ಲಿ, ಅವಳ ಅಜ್ಜಿಯ ಮುಖದ ಕೆಳಗೆ ಬರೆದಿದ್ದು. ಅಮ್ಮ ಮಾತಾಡಿಸದೇ ಹೋಗಿದ್ದು ಇದಕ್ಕೇ ಇರಬೇಕು ಅಂತ ನನಗೆ ಅನಿಸುತ್ತದೆ.

"ನಡುವೆ ಇಡಬಾರದು" ಎಂಬ ನಿಯಮದ ಬಗ್ಗೆಯೂ ಒಂದು ಮಾತು. ಫ್ರೇಮನ್ನು ಮೂರು ಪಾಲು ಮಾಡಿ, ಮುಖ್ಯವಾದದ್ದನ್ನು ನಡುವೆ ಇಡದೆ ಪಾಲಿನ ಗೆರೆಯ ಮೇಲೆ ಇಡುವ ಈ ಪದ್ಧತಿಗೆ ಹೆಸರು ಕೊಟ್ಟವನು ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಚಿತ್ರಕಾರ, 1797ರಲ್ಲಿ. ಅವನು ಹೇಳಿದ್ದು ಹಳ್ಳಿಗಾಡಿನ ದೃಶ್ಯಗಳ ಚಿತ್ರ ಬರೆಯುವ ಬಗ್ಗೆ. ಫೋಟೋಗ್ರಫಿ ಲೋಕಕ್ಕೆ ಗೊತ್ತಾಗಿದ್ದೇ 1839ರಲ್ಲಿ. ಒಳ್ಳೆಯ ಅಭ್ಯಾಸ, ಬೇಡ ಅನ್ನುವುದಿಲ್ಲ. ಆದರೆ ಮೆಟ್ಟುಗತ್ತಿ ಮುಂದೆ ಕೂತ ಅಜ್ಜಿ ಫ್ರೇಮಿನ ನಡುವೆ ಕೂತರೆ ತಪ್ಪೇನು, ಅವರೇ ಅಲ್ವಾ ಆ ಮನೆಯ ನಡು?

ಇನ್ನು ನಮ್ಮ ಕಡೆಯ ಫೋಟೋಗಳಿಗೆ ಹೊರಗಿನವರು ಹೇಳುವ ಕೆಲವು ಮಾತು ನೋಡಿದರೆ ಸಂಕಟ ಆಗುತ್ತದೆ. ಆಷಾಢದಲ್ಲಿ ಆಗುಂಬೆಯ ಘಾಟಿ ಫೋಟೋ ಹಾಕಿದರೆ "ಹಸಿರು ಜಾಸ್ತಿ ತುಂಬಿದ್ದೀರಿ" ಅಂತಾರೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನಷ್ಟು ಮಳೆ ಬೀಳುವ ಜಾಗ ಮಾರಾಯ್ರೆ, ಅಲ್ಲಿ ಕಲ್ಲೂ ಹಸಿರಾಗಿರುತ್ತದೆ! ವಾಟ್ಸಾಪಿನಲ್ಲಿ ಬಂದ ಫೋಟೋ ನೋಡಿ "ಶಾರ್ಪ್ ಇಲ್ಲ" ಅನ್ನುವುದೂ ಅಂಥದ್ದೇ. ವಾಟ್ಸಾಪು ಫೋಟೋವನ್ನು ಕುಗ್ಗಿಸಿಯೇ ಕಳಿಸುತ್ತದೆ, ನಮ್ಮ ಕೈಗೆ ಬರುವಷ್ಟರಲ್ಲಿ ಎಲೆಯ ಅಂಚು ಕರಗಿರುತ್ತದೆ. ಕ್ಯಾಮೆರಾ ಹಿಡಿದವರದ್ದಲ್ಲದ ತಪ್ಪನ್ನು ಅವರ ತಲೆಗೆ ಕಟ್ಟುವ ಮೊದಲು ಮೂಲ ಫೋಟೋ ನೋಡಿದ್ದೇನಾ ಅಂತ ಕೇಳಿಕೊಳ್ಳಬೇಕು.

ಹಾಗಂತ ಕೇಳದೆ ಬಾಯಿ ಬಿಡಲೇಬಾರದು ಅಂತ ನಾನು ಹೇಳುತ್ತಿಲ್ಲ. ಯಾವುದಾದರೂ ಜೀವಕ್ಕೆ ತೊಂದರೆ ಇದ್ದರೆ ತಡಮಾಡದೆ ಹೇಳಿ. ಮಂಡಗದ್ದೆಯಲ್ಲಿ ದೂರದಿಂದ ಗೂಡಿನ ಫೋಟೋ ತೆಗೆದರೆ ಹಕ್ಕಿಗೆ ಏನೂ ಆಗುವುದಿಲ್ಲ. ಮನೆಯ ಹಿಂದಿನ ಪೊದೆಯಲ್ಲಿ ಪಿಕಳಾರ ಕಟ್ಟಿದ ಗೂಡಿನ ಎಲೆ ಸವರಿ, ಮರಿಗಳು ಚೆನ್ನಾಗಿ ಕಾಣುವಂತೆ ತೆಗೆದ ಫೋಟೋ ಬೇರೆ ವಿಷಯ. ಫೋಟೋದಲ್ಲಿ ನಮಗೆ ಚೆನ್ನಾಗಿ ಕಂಡ ಗೂಡು ಕಾಗೆಗೂ ಕೆಂಬೂತಕ್ಕೂ ಚೆನ್ನಾಗಿ ಕಾಣುತ್ತದೆ. ಮಳೆಗಾಲದ ರಾತ್ರಿ ಕಪ್ಪೆಯನ್ನು ಕೈಯಲ್ಲಿ ಎತ್ತಿ ಒಳ್ಳೆಯ ಎಲೆಯ ಮೇಲೆ ಕೂರಿಸಿ ತೆಗೆಯುವವರಿದ್ದಾರೆ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ನಮ್ಮ ಕೈಯ ಉಪ್ಪು, ಸೊಳ್ಳೆ ಮುಲಾಮು ಅದಕ್ಕೆ ವಿಷ. ಜೋಗದಲ್ಲಿ 253 ಮೀಟರ್ ಆಳದ ಅಂಚಿಗೆ ಕಾಲು ಇಳಿಬಿಟ್ಟು ಕೂತ ಫೋಟೋ ಹಾಕಿದವರಿಗೂ ಹೇಳಬೇಕು, ನೋಡಿದ ನಾಲ್ಕು ಹುಡುಗರು ಮರುದಿನ ಅಲ್ಲಿಗೇ ಹೋಗುತ್ತಾರೆ. ಇಂಥ ಹೊತ್ತಲ್ಲಿ ಎದುರಿನವರಿಗೆ ಬೇಜಾರಾದರೂ ಪರವಾಗಿಲ್ಲ. ಆದರೆ ಮೊದಲು ಅವರಿಗೊಬ್ಬರಿಗೇ ಹೇಳಿ. ಎಲ್ಲರ ಮುಂದೆ ಹೇಳಿದರೆ ಅವರು ಜಗಳಕ್ಕೆ ನಿಲ್ಲುತ್ತಾರೆ, ಗೂಡು ಹಾಗೇ ಬಯಲಲ್ಲಿ ಉಳಿಯುತ್ತದೆ.

"ಸೂಪರ್" ವಿಷಯಕ್ಕೆ ಬರುತ್ತೇನೆ. ಅದರಲ್ಲಿ ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ನೂರು ಸೂಪರ್ ಸೇರಿದರೂ ಆ ಹುಡುಗಿಗೆ ತಾನು ಯಾವುದನ್ನು ಚೆನ್ನಾಗಿ ಮಾಡಿದೆ ಅಂತ ಗೊತ್ತಾಗುವುದಿಲ್ಲ. ಆದರೆ ಸೂಪರಿಗೂ ನಿಮ್ಮ ಪಟ್ಟಿಗೂ ನಡುವೆ ಎಷ್ಟೊಂದು ಜಾಗ ಇದೆ! "ಅಜ್ಜಿಯ ಕೈ ಓಡುವುದು ಕಾಣುತ್ತಿದೆ, ಸಿಪ್ಪೆಯ ರಾಶಿಯ ಮೇಲೆ ಬಿದ್ದ ಬೆಳಕು ಇಷ್ಟ ಆಯ್ತು" ಅಂತ ಬರೆಯಬಹುದಿತ್ತು. ಅದು ಹೊಗಳಿಕೆ ಅಷ್ಟೇ ಅಲ್ಲ, ನೀವು ನೋಡಿದ್ದೀರಿ ಅನ್ನುವುದಕ್ಕೆ ಸಾಕ್ಷಿ. ಮೂವತ್ತು ವರ್ಷ ಬೆಳಕು ನೋಡಿದ ಕಣ್ಣು ನಿಮ್ಮದು. ಆ ಕಣ್ಣಿಂದ ಒಂದು ಒಳ್ಳೆಯ ಮಾತು ಬಂದರೆ ಅದರ ಬೆಲೆಯೇ ಬೇರೆ.

ಆಮೇಲೆ, ಹೇಳಲೇಬೇಕು ಅನಿಸಿದರೆ, ಅವಳಿಗೊಬ್ಬಳಿಗೇ ಒಂದು ಸಾಲು: "ರಾತ್ರಿ ಬೆಳಕಲ್ಲಿ ತೆಗೆಯುವುದರ ಬಗ್ಗೆ ನನಗೆ ಗೊತ್ತಿರುವುದು ಒಂದು ಹೇಳಲಾ?" ಹೂಂ ಅಂದರೆ ಹೇಳಿ. ಉತ್ತರ ಬರದಿದ್ದರೆ ಅದೂ ಒಂದು ಉತ್ತರ, ಅಲ್ಲಿಗೇ ಬಿಡಿ. ಹೇಳುವಾಗಲೂ ಅವಳ ಕೈಯಲ್ಲಿ ಸರಿಮಾಡಲು ಆಗುವಂಥದ್ದನ್ನೇ ಹೇಳಿ. ಬೇರೆ ಕ್ಯಾಮೆರಾ ತಗೋ ಅನ್ನಬೇಡಿ. ಫೋನಿನ ಪರದೆಯಲ್ಲಿ ಬಲ್ಬನ್ನು ಮುಟ್ಟಿ, ಬೆಳಕಿನ ಗುರುತನ್ನು ಬೆರಳಲ್ಲಿ ಸ್ವಲ್ಪ ಕೆಳಗೆ ಎಳೆದರೆ ಸುಡುವುದು ಕಮ್ಮಿಯಾಗುತ್ತದೆ. ಎರಡು ಹೆಜ್ಜೆ ಬದಿಗೆ ಸರಿದು ಬಲ್ಬು ಕಂಬದ ಮರೆಗೆ ಬರುವಂತೆ ನಿಂತರೆ ಇನ್ನೂ ಒಳ್ಳೆಯದು. ಇಷ್ಟು ಸಾಕು. ವಾಲಿದ ಫ್ರೇಮು ಮುಂದಿನ ವರ್ಷಕ್ಕಿರಲಿ.

ಈಗ ಏನು ಮಾಡಬೇಕು ಅಂತ ನೀವು ಕೇಳಿಲ್ಲ. ಹಾಗಾಗಿ ನಾನೂ ಕೇಳಿಯೇ ಹೇಳಬೇಕಿತ್ತು. ಆದರೆ ಪತ್ರಿಕೆಗೆ ಪತ್ರ ಬರೆದಿದ್ದೀರಿ, ಅದನ್ನೇ ಒಪ್ಪಿಗೆ ಅಂದುಕೊಳ್ಳುತ್ತೇನೆ. ಒಂದು ಸಂಜೆ ಅವರ ಮನೆ ಕಡೆ ಹೋಗಿ ಬನ್ನಿ. ಫೋಟೋ ಮಾತು ತೆಗೆಯುವ ಮೊದಲು ಅಜ್ಜಿಯನ್ನು ಮಾತಾಡಿಸಿ. ಹುಡುಗಿಗೆ "ಅವತ್ತು ಹಾಗೆ ಬರೆಯಬಾರದಿತ್ತು, ಅಜ್ಜಿಯ ಕೈ ನನಗೆ ಆಮೇಲೆ ಕಾಣಿಸಿತು" ಅಂತ ಹೇಳಿ. "ಆದರೆ" ಅಂತ ಮುಂದುವರಿಸಬೇಡಿ. ಅವಳೇ ಬೆಳಕಿನ ಬಗ್ಗೆ ಕೇಳಿದರೆ ಜಗಲಿ ಅಲ್ಲೇ ಇದೆ, ಬಲ್ಬೂ ಅಲ್ಲೇ ಇದೆ, ಸುಲಿಯುವ ಕೆಲಸ ಇನ್ನೂ ಮುಗಿದಿರಲಿಕ್ಕಿಲ್ಲ.

ನನ್ನದೂ ಒಂದು ಕೋರಿಕೆ ಅವಳಿಗೆ ತಲುಪಿಸಿ. ಅವಳೂ ಅಜ್ಜಿಯೂ ಒಪ್ಪಿದರೆ ಆ ಫೋಟೋವನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ನನಗೆ ಆಸೆ ಇದೆ. ಅಲುಗಿದ ಕೈಯ ಆ ಫೋಟೋವೇ ಆಗಬೇಕು, ಬೇರೆ ತೆಗೆಯುವುದು ಬೇಡ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಫೋಟೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಲಿ, ಹಾಗೆ ಕಳಿಸಿದರೆ ಅಚ್ಚಿನಲ್ಲಿ ಚೆನ್ನಾಗಿ ಬರುತ್ತದೆ.

– ಸಂ.